ಹಳೇ ಕೋಳಿಗಳ ನಡುವೆ ಹೊಸ ಮರಿ: ಕೂಡಿಸುವ ಬಗೆ

ಕೋಳಿಮರಿ ತರುವುದು ಸುಲಭ. ಒಂದು ತಿಂಗಳು ಬೆಚ್ಚಗಿಟ್ಟು ಬೆಳೆಸುವುದೂ ಈಗ ಬಹಳ ಜನರಿಗೆ ಗೊತ್ತಿದೆ. ನಷ್ಟ ಆಗುವುದು ಅದರ ನಂತರ, ಮನೆಯಲ್ಲಿ ಮೊದಲೇ ಇರುವ ಏಳೆಂಟು ಜವಾರಿ ಕೋಳಿಗಳ ಜೊತೆ ಈ ಮರಿಗಳನ್ನು ಬಿಡುವ ಹೊತ್ತಿನಲ್ಲಿ. ಹುಬ್ಬಳ್ಳಿ-ಧಾರವಾಡ ಸುತ್ತಿನ ನಮ್ಮ ಹಳ್ಳಿಗಳಲ್ಲಿ 20 ಮರಿ ತಂದವರ ಹಿತ್ತಲಲ್ಲಿ ಮೂರು ತಿಂಗಳಿಗೆ ಎಂಟೋ ಹತ್ತೋ ಉಳಿದಿರುವುದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ. ಕೇಳಿದರೆ "ಬೆಕ್ಕು ಒಯ್ತರಿ" ಅಂತಾರೆ, ಇಲ್ಲವೇ "ಬ್ಯಾನಿ ಬಂತರಿ" ಅಂತಾರೆ.

ಎರಡೂ ಸುಳ್ಳಲ್ಲ. ಆದರೆ ಬೆಕ್ಕಿಗೆ ಆ ಮರಿ ಸಿಕ್ಕಿದ್ದು ಹೇಗೆ ಅಂತ ವಿಚಾರಿಸಿದರೆ ಬೇರೆ ಕತೆ ಹೊರಬರುತ್ತದೆ. ಹಳೇ ಕೋಳಿಗಳು ಕುಕ್ಕಿ ಓಡಿಸಿದ್ದರಿಂದ ಮರಿ ಸಂಜೆ ಗೂಡಿಗೆ ಬಂದಿರುವುದಿಲ್ಲ. ಬೇಲಿಯ ಮೇಲೋ ಬಣವಿಯ ಬುಡದಲ್ಲೋ ಕೂತಿರುತ್ತದೆ. ರಾತ್ರಿ ಬೆಕ್ಕೋ ಮುಂಗುಸಿಯೋ ಅದನ್ನು ಎತ್ತಿಕೊಂಡು ಹೋಗುತ್ತದೆ. ಬೇನೆಯದೂ ಹಾಗೇ. ಹೆದರಿ ಮೂಲೆ ಸೇರಿದ ಮರಿ ಸರಿಯಾಗಿ ತಿನ್ನುವುದಿಲ್ಲ, ಕುಡಿಯುವುದಿಲ್ಲ; ಸೊರಗಿದ ಮೈಗೆ ರೋಗ ಬೇಗ ಹತ್ತುತ್ತದೆ. ನೇರವಾಗಿ ಕುಕ್ಕಿಸಿಕೊಂಡು ಸಾಯುವ ಮರಿಗಳು ಕಡಿಮೆ. ಕುಕ್ಕಿಸಿಕೊಂಡು ದಿಕ್ಕೆಟ್ಟು ಸಾಯುವವೇ ಹೆಚ್ಚು.

ತತ್ತಿ ಮಾರಿದ ರೊಕ್ಕ ನಮ್ಮ ಕಡೆ ಮನೆಯ ಹೆಣ್ಣುಮಕ್ಕಳ ಕೈಯಲ್ಲಿ ನೇರ ಬರುವ ರೊಕ್ಕ. ಸಂತೆಯ ಉಪ್ಪು-ಎಣ್ಣೆ, ಮಕ್ಕಳ ಪಾಟಿ-ಪುಸ್ತಕ ಅದರಲ್ಲೇ ಆಗುತ್ತದೆ. ಹತ್ತು ಮರಿ ಹೋದರೆ ಅವರ ವರ್ಷದ ಲೆಕ್ಕವೇ ತಪ್ಪುತ್ತದೆ. ಆದ್ದರಿಂದ ಮರಿಗಳನ್ನು ಹಳೇ ಹಿಂಡಿಗೆ ಕೂಡಿಸುವ ಕೆಲಸವನ್ನೇ ಪ್ರತ್ಯೇಕವಾಗಿ ಹಿಡಿದು ಇಲ್ಲಿ ಬರೆಯುತ್ತಿದ್ದೇನೆ.

ಕುಕ್ಕುವುದು ಯಾಕೆ?

ಹಿತ್ತಲ ಕೋಳಿಗಳಿಗೆ ಕಾಳು ಚೆಲ್ಲಿ ಸುಮ್ಮನೆ ನಿಂತು ನೋಡಿ. ಮೊದಲು ತಿನ್ನುವುದು ಒಂದು ಹೇಟೆ. ಅದು ಯಾರನ್ನು ಬೇಕಾದರೂ ಕುಕ್ಕಬಹುದು, ಅದನ್ನು ಯಾರೂ ತಿರುಗಿ ಕುಕ್ಕುವುದಿಲ್ಲ. ಎರಡನೆಯದು ಮೊದಲನೆಯದಕ್ಕೆ ಮಾತ್ರ ತಗ್ಗಿ ನಡೆಯುತ್ತದೆ. ಕಟ್ಟಕಡೆಗೆ ಎಲ್ಲರಿಂದಲೂ ಕುಕ್ಕಿಸಿಕೊಂಡು ಬದಿಯಲ್ಲಿ ನಿಂತು ತಿನ್ನುವ ಒಂದು ಕೋಳಿ ಇರುತ್ತದೆ. ನಾರ್ವೆ ದೇಶದ ಥೋರ್ಲೀಫ್ ಶೆಲ್ಡರಪ್-ಎಬ್ಬೆ ಎಂಬವರು ಚಿಕ್ಕ ಹುಡುಗನಾಗಿದ್ದಾಗಿನಿಂದ ಕೋಳಿಗಳನ್ನು ಹೀಗೇ ಕೂತು ನೋಡಿ, 1920ರ ದಶಕದ ಆರಂಭದಲ್ಲಿ ಈ ಹಿರಿ-ಕಿರಿ ಸರದಿಯ ಬಗ್ಗೆ ಬರೆದು ಪ್ರಕಟಿಸಿದರು. ನಮ್ಮ ಅಜ್ಜಿಯರಿಗೆ ಬರೆಯದೆಯೂ ಗೊತ್ತಿದ್ದ ಸಂಗತಿ ಅದು.

ಈ ಸರದಿ ಒಮ್ಮೆ ನಿಂತಿತೆಂದರೆ ಹಿಂಡಿನಲ್ಲಿ ಜಗಳ ಕಡಿಮೆ. ಯಾರು ಮುಂದೆ ಯಾರು ಹಿಂದೆ ಅಂತ ಎಲ್ಲಕ್ಕೂ ಗೊತ್ತಿರುತ್ತದೆ. ಹೊಸ ಕೋಳಿ ಒಳಗೆ ಬಂದ ಕೂಡಲೇ ಸರದಿ ಕಲಕುತ್ತದೆ. ಅದರ ಜಾಗ ಯಾವುದು ಅಂತ ತೀರ್ಮಾನ ಆಗುವವರೆಗೆ ಹೊಡೆದಾಟ ನಡೆಯಲೇಬೇಕು. ಅತಿ ಹೆಚ್ಚು ಕಾಟ ಕೊಡುವುದು ಬಹಳ ಸಲ ಯಜಮಾನಿ ಕೋಳಿ ಅಲ್ಲ, ಕೆಳಗಿನ ಸ್ಥಾನದ ಒಂದೆರಡು ಕೋಳಿಗಳು. ತಮಗಿಂತ ಕೆಳಗೆ ಈಗಲಾದರೂ ಒಬ್ಬರು ಬಂದರು ಅಂತ ಅವು ಮರಿಯ ಬೆನ್ನು ಹತ್ತುತ್ತವೆ.

ಕೋಳಿಗಳು ಒಂದನ್ನೊಂದು ಗುರುತು ಹಿಡಿಯುವುದು ಮುಖ್ಯವಾಗಿ ಮುಖ ಮತ್ತು ಜುಟ್ಟಿನಿಂದ, ಕಣ್ಣಿನ ಮೂಲಕ. ನಮ್ಮಲ್ಲಿ ಒಂದು ನಂಬಿಕೆ ಇದೆ: "ರಾತ್ರಿ ಗೂಡಿನ್ಯಾಗ ಬಿಟ್ಟುಬಿಡ್ರಿ, ಮುಂಜಾನೆ ಎದ್ದು ತಮ್ಮವಾ ಅಂತ ತಿಳಕೊಳ್ತಾವ." ಹಾಗೇನೂ ಆಗುವುದಿಲ್ಲ. ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣದು, ಆದ್ದರಿಂದ ರಾತ್ರಿ ಜಗಳ ಇಲ್ಲ. ಬೆಳಕು ಹರಿದ ತಕ್ಷಣ, ಓಡಲು ಜಾಗವೇ ಇಲ್ಲದ ಮುಚ್ಚಿದ ಗೂಡಿನಲ್ಲಿ ಶುರುವಾಗುತ್ತದೆ. ಮನೆಯವರು ಏಳುವ ಮೊದಲೇ ಅನಾಹುತ ಮುಗಿದಿರುತ್ತದೆ.

ಇನ್ನೊಂದು ಮಾತು. ಎರಡು ಮೂರು ವಾರ ಕಣ್ಣಿಗೆ ಬೀಳದೆ ಹೋದರೆ ತಮ್ಮದೇ ಹಿಂಡಿನ ಕೋಳಿಯನ್ನೂ ಇವು ಹೊರಗಿನದು ಅಂತಲೇ ಎಣಿಸುತ್ತವೆ. ಇದನ್ನು ನೆನಪಿಟ್ಟರೆ ಮುಂದಿನ ಉಪಾಯವೆಲ್ಲ ತಾನೇ ತಿಳಿಯುತ್ತದೆ. ಪರಿಚಯ ಆಗುವುದು ನೋಡುವುದರಿಂದ, ಪೆಟ್ಟು ಬೀಳುವುದು ಮುಟ್ಟುವುದರಿಂದ. ಹಾಗಾಗಿ ಕೆಲವು ದಿನ ನೋಡಲು ಬಿಡಬೇಕು, ಮುಟ್ಟಲು ಬಿಡಬಾರದು.

ತಾಯಿಕೋಳಿ ಇದ್ದರೆ ಕೆಲಸ ಹಗುರ

ತಾಯಿಯ ಹಿಂದೆ ಬೆಳೆದ ಮರಿಗಳನ್ನು ಯಾರೂ ಕೂಡಿಸಬೇಕಾಗಿಲ್ಲ. ಮೊದಲ ದಿನದಿಂದ ಅವು ಹಿಂಡಿನ ಕಣ್ಣ ಮುಂದೆ ಓಡಾಡುತ್ತವೆ. ಯಾರಾದರೂ ಕುಕ್ಕಲು ಬಂದರೆ ತಾಯಿ ಗರಿ ಕೆದರಿ ಮೇಲೆ ಬೀಳುತ್ತಾಳೆ. ಆರರಿಂದ ಎಂಟು ವಾರಕ್ಕೆ ತಾಯಿ ಮರಿಗಳನ್ನು ಬಿಡಿಸುವ ಹೊತ್ತಿಗೆ ಅವು ಎಲ್ಲರಿಗೂ ಪರಿಚಿತ, ಎಲ್ಲಿ ನುಸುಳಬೇಕು ಎಲ್ಲಿ ತಗ್ಗಬೇಕು ಅಂತ ಅವುಗಳಿಗೂ ಗೊತ್ತು.

ಒಂದು ದಿನದ ಮರಿ ತರುವವರು ಈ ಅನುಕೂಲವನ್ನು ಬಳಸಿಕೊಳ್ಳಬಹುದು. ಮನೆಯಲ್ಲಿ ಜವಾರಿ ಕೋಳಿಯೊಂದು ಕಾವಿಗೆ ಕೂತು ಎರಡು ವಾರ ದಾಟಿರಬೇಕು. ತಂದ ಮರಿಗೆ ಒಂದೆರಡು ದಿನ ಮೀರಿರಬಾರದು. ಕತ್ತಲಾದ ಮೇಲೆ ಕೋಳಿಯ ಕೆಳಗಿನ ತತ್ತಿಗಳನ್ನು ಮೆಲ್ಲಗೆ ತೆಗೆಯುತ್ತ ಮರಿಗಳನ್ನು ಸೇರಿಸುತ್ತ ಹೋಗಬೇಕು. ಮೊದಲು ಎರಡನ್ನು ಇಟ್ಟು, ಕೋಳಿ ಕುಕ್ಕದೆ ಗುಟುರು ಹಾಕಿ ರೆಕ್ಕೆ ಅಗಲಿಸಿದರೆ ಉಳಿದವನ್ನೂ ಇಡಿ. ಬೆಳಕು ಹರಿಯುವಾಗ ಹತ್ತಿರ ಇದ್ದು ನೋಡಲೇಬೇಕು. ಕೆಲವು ಕೋಳಿಗಳು ಹಗಲಾದ ಮೇಲೆ ಒಪ್ಪುವುದಿಲ್ಲ. ಗಿರಿರಾಜ, ಸ್ವರ್ಣಧಾರೆಯಂತಹ ಮರಿಗಳು ಬೇಗ ದೊಡ್ಡವಾಗುವುದರಿಂದ ಒಂದು ಜವಾರಿ ಕೋಳಿಗೆ ಎಂಟು-ಹತ್ತಕ್ಕಿಂತ ಹೆಚ್ಚು ಕೊಡಬೇಡಿ. ಮೂರನೇ ವಾರಕ್ಕೆ ಅವಳ ರೆಕ್ಕೆಯಡಿ ಜಾಗ ಸಾಲುವುದಿಲ್ಲ.

ಮರಿ-ತಾಯಿಯನ್ನು ಮನೆಯೊಳಗೆ ತಿಂಗಳುಗಟ್ಟಲೆ ಮುಚ್ಚಿಡುವ ಪದ್ಧತಿ ಕೆಲವರಲ್ಲಿದೆ. ಹಾಗೆ ಮಾಡಿದರೆ ತಾಯಿಯೇ ಹಿಂಡಿಗೆ ಹೊರಗಿನವಳಾಗುತ್ತಾಳೆ. ಹಿತ್ತಲಲ್ಲೇ, ಉಳಿದ ಕೋಳಿಗಳಿಗೆ ಕಾಣುವ ಹಾಗೆ ಬುಟ್ಟಿ ಕವುಚಿ ಇಡುವುದು ಮೇಲು.

ಕಾವಿನ ಕೋಳಿ ಇಲ್ಲದಾಗ, ಅಥವಾ ನಾಲ್ಕೈದು ವಾರ ಬೆಳೆಸಿದ ಮರಿ ತಂದಾಗ ಕೆಳಗಿನ ಕ್ರಮ ಬೇಕಾಗುತ್ತದೆ.

ಮೊದಲ ಮೂರು ವಾರ ದೂರ

ಬಂದ ದಿನವೇ ಮರಿಗಳನ್ನು ಹಳೇ ಕೋಳಿಗಳ ಹತ್ತಿರ ಇಡಬೇಡಿ. ಇಲ್ಲಿ ಹೆದರಿಕೆ ಜಗಳದ್ದಲ್ಲ, ರೋಗದ್ದು. ಸಂತೆಯಿಂದ, ಮೋಟರ್‌ಸೈಕಲ್ ಮೇಲೆ ಮಾರುವವರಿಂದ ಅಥವಾ ಎಷ್ಟೇ ಒಳ್ಳೆಯ ಕೇಂದ್ರದಿಂದ ತಂದರೂ ದಾರಿಯಲ್ಲಿ ಏನು ತಗುಲಿದೆ ಅಂತ ಹೇಳಲಾಗದು. ಕೊಕ್ಕರೆ ರೋಗ ಅಂತ ನಾವು ಕರೆಯುವ ರಾಣಿಖೇತ್ ಬೇನೆ ಮೈಯೊಳಗೆ ಹೊಕ್ಕ ಮೇಲೆ ಹೊರಗೆ ತೋರಿಸಿಕೊಳ್ಳಲು ಸಾಮಾನ್ಯವಾಗಿ ಐದಾರು ದಿನ, ಕೆಲವೊಮ್ಮೆ ಎರಡು ವಾರ ಹಿಡಿಯುತ್ತದೆ. ಹಿಮಾಲಯದ ತಪ್ಪಲಿನ ರಾಣಿಖೇತ್ ಊರಲ್ಲಿ 1927-28ರ ಸುಮಾರಿಗೆ ಕಂಡಿದ್ದರಿಂದ ಆ ಹೆಸರು. ಹಸಿರು-ಬಿಳಿ ಉಚ್ಚಿಕೊಳ್ಳುವುದು, ಬಾಯಿ ತೆರೆದು ಉಸಿರಾಡುವುದು, ಕುತ್ತಿಗೆ ತಿರುಚುವುದು ಅದರ ಲಕ್ಷಣ. ಒಮ್ಮೆ ಬಂದರೆ ಔಷಧವಿಲ್ಲ, ಓಣಿಯ ಕೋಳಿಗಳೆಲ್ಲ ಹೋಗುತ್ತವೆ.

ರೋಗ ಎರಡೂ ಕಡೆಯಿಂದ ಬರುತ್ತದೆ ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಹಳೇ ಕೋಳಿಗಳು ನೋಡಲು ಗಟ್ಟಿಮುಟ್ಟಾಗಿದ್ದರೂ ಅವುಗಳ ಹಿಕ್ಕೆಯಲ್ಲಿ ರಕ್ತಭೇದಿಯ ಕ್ರಿಮಿ ಇರಬಹುದು. ಹಸಿ ನೆಲದಲ್ಲಿ ಒಂದೆರಡು ದಿನದಲ್ಲಿ ಅದು ರೋಗ ಹತ್ತಿಸುವ ಸ್ಥಿತಿಗೆ ಬರುತ್ತದೆ. ಮೂರರಿಂದ ಆರು ವಾರದ ಮರಿಗಳಿಗೆ ಅದರ ಅಪಾಯ ಬಹಳ. ಹಿಕ್ಕೆಯಲ್ಲಿ ರಕ್ತ ಕಂಡರೆ ಅದೇ ದಿನ ಪಶುವೈದ್ಯರನ್ನು ಕಾಣಿ. ನೀರಿನಲ್ಲಿ ಕೊಡುವ ಆಂಪ್ರೋಲಿಯಂ ಔಷಧ ಬೇಗ ಕೊಟ್ಟರೆ ಮರಿ ಉಳಿಯುತ್ತವೆ.

ಹೀಗಾಗಿ ಮೂರು ವಾರ ಮರಿಗಳ ವಾಸ ಬೇರೆ ಕಡೆ ಇರಲಿ. ದನದ ಕೊಟ್ಟಿಗೆಯ ಒಂದು ಮೂಲೆ, ಹಳೇ ಪಡಸಾಲೆ, ಯಾವುದಾದರೂ ಸರಿ. ಹಳೇ ಕೋಳಿ ಅಲ್ಲಿಗೆ ಬರಬಾರದು, ನೀರಿನ ಪಾತ್ರೆ ಒಂದೇ ಆಗಬಾರದು. ಕೆಲಸ ಮಾಡುವಾಗ ಮೊದಲು ಮರಿಗಳದ್ದು ಮುಗಿಸಿ, ಕೈಕಾಲು ತೊಳೆದು, ಆಮೇಲೆ ಹಳೇ ಕೋಳಿಗಳ ಕಡೆ ಹೋಗಿ. ನೆಲಕ್ಕೆ ಕಲಘಟಗಿ, ಅಳ್ನಾವರದ ಕಡೆಯವರಿಗೆ ಭತ್ತದ ಹೊಟ್ಟು ಸಿಗುತ್ತದೆ. ಕುಂದಗೋಳ, ಹುಬ್ಬಳ್ಳಿ ಕಡೆ ಶೇಂಗಾ ಸಿಪ್ಪೆ. ಶೇಂಗಾ ಸಿಪ್ಪೆಯನ್ನು ಚೆನ್ನಾಗಿ ಒಣಗಿಸಿಯೇ ಹಾಸಬೇಕು, ಬೂಸರು ಹಿಡಿದದ್ದು ಮರಿಗಳ ಉಸಿರಿಗೆ ವಿಷ.

ನೆಲಕ್ಕೆ ಹತ್ತಿರ ಬಲ್ಬು ಇಳಿಬಿಟ್ಟು ಕಾವು ಕೊಡುವವರಿಗೆ ಒಂದು ಎಚ್ಚರಿಕೆ. ಈಗಿನ ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಕಾವು ಕೊಡುವುದಿಲ್ಲ. ಹಳೇ ತಂತಿಯ ಬಲ್ಬೇ ಬೇಕು, ಇಲ್ಲವೇ ಮರಿಗಳಿಗೆಂದೇ ಮಾಡಿದ ಕಾವಿನ ದೀಪ. ಮೊದಲ ವಾರ ಮರಿಯ ಮಟ್ಟದಲ್ಲಿ 35 ಡಿಗ್ರಿ ಸೆಲ್ಸಿಯಸ್, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತ ಬರಬೇಕು.

ಲಸಿಕೆಯನ್ನು ಈ ದೂರದ ದಿನಗಳಲ್ಲೇ ಮುಗಿಸಬೇಕು. ಐದರಿಂದ ಏಳನೇ ದಿನದೊಳಗೆ ಕಣ್ಣಿಗೆ ಅಥವಾ ಮೂಗಿಗೆ ಹಾಕುವ ರಾಣಿಖೇತ್ ಹನಿ, ನಾಲ್ಕನೇ ವಾರಕ್ಕೆ ಲಸೋಟಾ, ಎಂಟನೇ ವಾರಕ್ಕೆ ಆರ್-ಟು-ಬಿ ಚುಚ್ಚುಮದ್ದು. ಆರ್-ಟು-ಬಿ ಸ್ವಲ್ಪ ಖಾರದ ಲಸಿಕೆ, ಎಂಟು ವಾರಕ್ಕೆ ಮೊದಲು ಕೊಡಬಾರದು. ಕೊಟ್ಟ ಮೇಲೆ ಮರಿ ಎರಡು ದಿನ ಮಂಕಾಗಬಹುದು. ಮೈಯಲ್ಲಿ ಶಕ್ತಿ ಹುಟ್ಟಲು ಹತ್ತು ದಿನವಾದರೂ ಬೇಕು. ಹಳೇ ಕೋಳಿಗಳಿಗೆ ಲಸಿಕೆ ಆಗಿರದಿದ್ದರೆ ಅವುಗಳಿಗೆ ಯಾವುದು, ಯಾವಾಗ ಅಂತ ಪಶುವೈದ್ಯರನ್ನೇ ಕೇಳಿ ಈಗಲೇ ಹಾಕಿಸಿ.

ತೊಡಕು ಏನೆಂದರೆ ಲಸಿಕೆಯ ಶೀಶೆ ನೂರಾರು ಕೋಳಿಗಳ ಲೆಕ್ಕದಲ್ಲಿ ಬರುತ್ತದೆ. ಕಲಸಿದ ಮೇಲೆ ಒಂದೆರಡು ತಾಸಿನೊಳಗೆ ಮುಗಿಸಬೇಕು. 20 ಮರಿಯವರೊಬ್ಬರಿಗಾಗಿ ಯಾರು ಶೀಶೆ ಒಡೆಯುತ್ತಾರೆ? ಆದ್ದರಿಂದ ಓಣಿಯ ನಾಲ್ಕಾರು ಮನೆಯವರು, ಇಲ್ಲವೇ ಮಹಿಳಾ ಸಂಘದವರು ಸೇರಿ ಒಂದೇ ವಾರದಲ್ಲಿ ಮರಿ ತಂದು ಒಂದೇ ದಿನ ಲಸಿಕೆ ಹಾಕಿಸುವುದು ಒಳ್ಳೆಯದು. ಐಸು ಹಾಕಿದ ಥರ್ಮಾಸು ಫ್ಲಾಸ್ಕಿನಲ್ಲಿ ತರಬೇಕು, ಬಿಸಿಲಿಗೆ ಹಿಡಿಯಬಾರದು. ನಮ್ಮ ರಾಜ್ಯದಲ್ಲಿ ಬೆಂಗಳೂರು ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಇಂತಹ ಲಸಿಕೆಗಳನ್ನು ತಯಾರಿಸುತ್ತದೆ. ಊರಿನ ಪಶು ಆಸ್ಪತ್ರೆಯಲ್ಲಿ ಮೊದಲೇ ಹೇಳಿಟ್ಟರೆ ತರಿಸಿಕೊಡುತ್ತಾರೆ.

2025ರ ಆರಂಭದಲ್ಲಿ ಬಳ್ಳಾರಿ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಹಕ್ಕಿಜ್ವರ ಕಾಣಿಸಿದ್ದು ನೆನಪಿರಲಿ. ಒಮ್ಮೆಲೇ ನಾಲ್ಕಾರು ಕೋಳಿ ಸತ್ತರೆ ಉಳಿದವನ್ನು ಸಂತೆಗೆ ಒಯ್ಯದೆ, ಸತ್ತದ್ದನ್ನು ತಿಪ್ಪೆಗೆ ಎಸೆಯದೆ, ಪಶು ಆಸ್ಪತ್ರೆಗೆ ತಿಳಿಸಬೇಕು.

ವಯಸ್ಸು, ಗಾತ್ರ, ಸಂಖ್ಯೆ

ಕೂಡಿಸುವ ವಯಸ್ಸು 10ರಿಂದ 12 ವಾರ. ಇದಕ್ಕಿಂತ ಎಳೆಯವು ಪೆಟ್ಟು ತಡೆಯುವುದಿಲ್ಲ. ಗಿರಿರಾಜ, ಸ್ವರ್ಣಧಾರೆ ತಂದವರು ಇಲ್ಲಿ ಮೋಸಹೋಗುತ್ತಾರೆ. ಗಿರಿರಾಜ ತಳಿಯನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳದಲ್ಲಿ ಬೆಳೆಸಿ 1989ರಲ್ಲಿ ಬಿಡುಗಡೆ ಮಾಡಿದರು. ಸ್ವರ್ಣಧಾರೆ ಬಂದದ್ದು 2005ರಲ್ಲಿ. ಎರಡೂ ಹಿತ್ತಲಿಗೆ ಹೊಂದುವ, ಬೇಗ ತೂಕ ಬರುವ ಕೋಳಿಗಳು. ಒಳ್ಳೇ ಮೇವು ಸಿಕ್ಕರೆ ಹತ್ತು ವಾರಕ್ಕೇ ಜವಾರಿ ಹೇಟೆಯ ಗಾತ್ರಕ್ಕೆ ಬಂದುಬಿಡುತ್ತವೆ. ಗಾತ್ರ ನೋಡಿ "ಇವು ತಮ್ಮನ್ನ ತಾವಾ ಕಾಯ್ಕೊಳ್ತಾವ ಬಿಡ್ರಿ" ಅನ್ನುವವರಿದ್ದಾರೆ. ಮೈ ಬೆಳೆದಿದ್ದರೂ ಅದು ಇನ್ನೂ ಎಳೆಯದೇ. ಒಂದೂಕಾಲು ಕಿಲೋದ ಜವಾರಿ ಹೇಟೆ ಕತ್ತು ಚಾಚಿದರೆ ತನ್ನಷ್ಟೇ ತೂಕದ ಗಿರಿರಾಜ ಮರಿ ಕಿರುಚುತ್ತ ಓಡುತ್ತದೆ. ಮೈ ಭಾರ ಆದ್ದರಿಂದ ಜವಾರಿಯಂತೆ ಹಾರಿ ಗೋಡೆ ಏರಲೂ ಆಗದು.

ಒಂಟಿ ಮರಿಯನ್ನು ಎಂದೂ ಬಿಡಬೇಡಿ. ಎಲ್ಲ ಕೋಳಿಗಳ ಕೋಪ ಒಂದರ ಮೇಲೇ ಬೀಳುತ್ತದೆ. ಕಡಿಮೆ ಎಂದರೆ ನಾಲ್ಕು, ಹಳೆಯವುಗಳಷ್ಟೇ ಸಂಖ್ಯೆ ಆದರೆ ಇನ್ನೂ ಅನುಕೂಲ. 20 ಮರಿ ಇದ್ದರೆ ಎರಡು ತಂಡ ಮಾಡಿ ಬೇರೆ ಬೇರೆ ದಿನ ಬಿಡುವುದು ಬೇಡ; ಪ್ರತಿ ಸಲವೂ ಸರದಿ ಕಲಕಿ ಜಗಳ ಮೊದಲಿನಿಂದ ಶುರುವಾಗುತ್ತದೆ. ಒಂದೇ ಸಲ ಬಿಡಿ. ಗುಂಪಿನಲ್ಲಿ ತೀರಾ ಸಣ್ಣದು, ಕುಂಟುವುದು ಇದ್ದರೆ ಅದನ್ನು ಮಾತ್ರ ಒಂದು ಜೊತೆಗಾರನೊಂದಿಗೆ ಹಿಂದೆ ಉಳಿಸಿ.

ಹತ್ತು ದಿನ ಜಾಳಿಗೆಯ ಆಚೆ-ಈಚೆ

ದೂರದ ದಿನ ಮುಗಿದ ಮೇಲೆ ಮರಿಗಳ ವಾಸವನ್ನು ಹಳೇ ಗೂಡಿನ ಪಕ್ಕಕ್ಕೆ ತನ್ನಿ. ನಡುವೆ ತಂತಿ ಜಾಳಿಗೆ ಇರಲಿ. ಹೊಸದು ಕೊಳ್ಳಬೇಕೆಂದಿಲ್ಲ. ನಾಲ್ಕು ಗಳ ನೆಟ್ಟು ಹಳೇ ಮೀನಿನ ಬಲೆಯನ್ನು ಎರಡು ಮಡಿಕೆ ಮಾಡಿ ಬಿಗಿದರೂ ನಡೆಯುತ್ತದೆ. ಕೊಕ್ಕು ತೂರಿ ಮರಿಗೆ ತಾಕುವಷ್ಟು ದೊಡ್ಡ ಕಣ್ಣು ಇರಬಾರದು, ಅಷ್ಟೇ. ರಾತ್ರಿ ಮಾತ್ರ ಮರಿಗಳನ್ನು ಭದ್ರವಾದ ಒಳಜಾಗಕ್ಕೆ ಸೇರಿಸಿ. ಬಲೆ ಬೆಕ್ಕನ್ನು ತಡೆಯದು.

ಮೊದಲ ಎರಡು ಮೂರು ದಿನ ಹಳೇ ಕೋಳಿಗಳು ಜಾಳಿಗೆಯ ಉದ್ದಕ್ಕೂ ಓಡಾಡಿ ಗರಿ ಕೆದರುತ್ತವೆ. ಮರಿಗಳು ಎದುರಿನ ಮೂಲೆಯಲ್ಲಿ ಗುಂಪುಗೂಡುತ್ತವೆ. ಜಾಳಿಗೆಯ ಎರಡೂ ಬದಿಗೆ, ಒಂದು ಮೊಳ ದೂರದಲ್ಲಿ, ಒಂದೇ ಹೊತ್ತಿಗೆ ಮೇವು ಹಾಕಿ. ಜೋಳದ ನುಚ್ಚು, ಸಜ್ಜೆ, ಹಸಿರು ಸೊಪ್ಪು, ಏನಾದರೂ ಸರಿ. ಎದುರು ಬದುರಾಗಿ ತಿನ್ನುತ್ತ ತಿನ್ನುತ್ತ ಒಂದಕ್ಕೊಂದು ರೂಢಿಯಾಗುತ್ತವೆ. ಏಳೆಂಟು ದಿನಕ್ಕೆ ಹಳೇ ಕೋಳಿಗಳು ಜಾಳಿಗೆಯ ಕಡೆ ನೋಡದೆ ತಮ್ಮ ಪಾಡಿಗೆ ಕೆದಕುತ್ತವೆ, ಮರಿಗಳು ಜಾಳಿಗೆಯ ಪಕ್ಕದಲ್ಲೇ ಮಣ್ಣಿನಲ್ಲಿ ಹೊರಳಾಡುತ್ತವೆ. ಆಗ ಪರಿಚಯ ಆಯಿತು ಅಂತ ತಿಳಿಯಿರಿ. ಹತ್ತು ದಿನಕ್ಕೂ ಹೀಗಾಗದಿದ್ದರೆ ಇನ್ನೊಂದು ವಾರ ತಡೆಯಿರಿ. ಅವಸರ ಮಾಡಿ ಗಳಿಸುವುದೇನೂ ಇಲ್ಲ.

ಈ ದಿನಗಳ ಕೊನೆಯ ಎರಡು ಮೂರು ದಿನ ಇನ್ನೊಂದು ಕೆಲಸ ಮಾಡಿ. ಹಳೇ ಕೋಳಿಗಳನ್ನು ಒಂದೆರಡು ತಾಸು ಮುಚ್ಚಿಟ್ಟು ಮರಿಗಳನ್ನು ಮಾತ್ರ ಹಿತ್ತಲಿಗೆ ಬಿಡಿ. ಎಲ್ಲಿ ಸಂದಿ, ಎಲ್ಲಿ ನೆರಳು, ನೀರು ಎಲ್ಲಿದೆ ಅಂತ ಅವು ಮೊದಲೇ ತಿಳಿದುಕೊಂಡಿದ್ದರೆ ಬೆನ್ನಟ್ಟಿದಾಗ ಓಡಲು ದಾರಿ ಗೊತ್ತಿರುತ್ತದೆ. ಅಡಗಲು ಜಾಗ ಇಲ್ಲದ ಬಯಲು ಹಿತ್ತಲಾದರೆ ಮಾಡಿಕೊಡಿ. ಕಣಿಕೆಯ ಸೂಡುಗಳನ್ನು ಗೋಡೆಗೆ ಓರೆಯಾಗಿ ನಿಲ್ಲಿಸಿ, ಮುರುಕು ಹೊರಸನ್ನು ಅಡ್ಡ ಹಾಕಿ, ಒಡೆದ ಬುಟ್ಟಿ ಕವುಚಿ. ಆದರೆ ಒಂದೇ ಬಾಯಿಯ ಮೂಲೆ ಬೇಡ. ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬೀಳುವಂತಿರಬೇಕು. ಮೂಲೆಗೆ ಸಿಕ್ಕ ಮರಿಯನ್ನು ಕೋಳಿ ಬಿಡುವುದಿಲ್ಲ.

ಕೂಡಿಸುವ ದಿನ

ಕೂಡಿಸುವುದನ್ನು ಗೂಡಿನಲ್ಲಿ ಮಾಡದೆ ಬಯಲಿನಲ್ಲಿ ಮಾಡಿ. ಹಗಲೆಲ್ಲ ತಿರುಗಿ ಹೊಟ್ಟೆ ತುಂಬಿಸಿಕೊಂಡ ಹಳೇ ಕೋಳಿಗಳು ಸಂಜೆ ನಾಲ್ಕು ನಾಲ್ಕೂವರೆ ಹೊತ್ತಿಗೆ ಮನೆಯ ಕಡೆ ತಿರುಗುತ್ತವೆ. ಆಗ ಜಾಳಿಗೆ ಸರಿಸಿ ಮರಿಗಳು ತಾವಾಗಿ ಹೊರಬರಲು ಬಿಡಿ, ಹಿಡಿದು ನಡುವೆ ಎಸೆಯಬೇಡಿ. ಕೆದಕಿ ತಿನ್ನಲು ಹಿತ್ತಲ ತುಂಬ ಕಾಳು, ಸೊಪ್ಪು ಚೆಲ್ಲಾಡಿರಿ. ಕೆಲಸದಲ್ಲಿರುವ ಕೊಕ್ಕು ಜಗಳಕ್ಕೆ ಹೋಗುವುದು ಕಡಿಮೆ. ಕತ್ತಲಾಗಲು ಎರಡು ತಾಸು ಇರುವುದರಿಂದ ಮೊದಲ ದಿನದ ತಿಕ್ಕಾಟವೂ ಎರಡೇ ತಾಸು.

ಮನೆಯಲ್ಲಿ ಒಬ್ಬರಾದರೂ ಹತ್ತಿರ ಇರುವ ದಿನ ನೋಡಿ ಈ ಕೆಲಸ ಮಾಡಬೇಕು. ಸಂತೆಯ ದಿನ, ಕಳೆ ತೆಗೆಯುವ, ಸುಗ್ಗಿಯ ಗಡಿಬಿಡಿಯ ದಿನ ಬೇಡ.

ಸಂಜೆಯದು ಅತಿ ಮುಖ್ಯ. ಕತ್ತಲಾಗುವಾಗ ಮರಿಗಳನ್ನು ಎಣಿಸಿ. ಒಂದು ಕಡಿಮೆ ಇದ್ದರೂ ಹುಡುಕಿ ತಂದು ಗೂಡಿಗೆ ಸೇರಿಸಿ. ಮೊದಲೇ ಹೇಳಿದಂತೆ ಬೆಕ್ಕಿನ ಬಾಯಿಗೆ ಹೋಗುವುದು ಈ ಹೊತ್ತಿನಲ್ಲಿ ಹೊರಗುಳಿದ ಮರಿ. ಐದಾರು ಸಂಜೆ ನೀವು ಒಳಗೆ ಸೇರಿಸಿದರೆ ಮುಂದೆ ಅವೇ ಬರುತ್ತವೆ. ಮರುದಿನ ಬೆಳಕು ಹರಿಯುವುದಕ್ಕೆ ಮುಂಚೆ ಗೂಡಿನ ಬಾಗಿಲು ತೆಗೆಯಲೇಬೇಕು. ಒಂದು ವಾರ ಇದನ್ನು ತಪ್ಪಿಸಬಾರದು.

ಗೂಡಿನಲ್ಲಿ ಒಂದು ಕೋಳಿಗೆ ಎರಡು ಚದರ ಅಡಿ ನೆಲ, ಕೂರುವ ಗಳದ ಮೇಲೆ ಎಂಟು ಅಂಗುಲ ಜಾಗ ಇರಲಿ. ಎತ್ತರದ ಗಳವನ್ನು ಹಳೆಯವು ಬಿಟ್ಟುಕೊಡುವುದಿಲ್ಲ. ಕೆಳಗೆ ಒಂದೂವರೆ ಅಡಿ ಎತ್ತರಕ್ಕೆ ಇನ್ನೊಂದು ಗಳ ಕಟ್ಟಿದರೆ ಮರಿಗಳು ಅಲ್ಲಿ ಕೂರುತ್ತವೆ. ಭಾರದ ಗಿರಿರಾಜಕ್ಕೆ ಕೆಳಗಿನ ಗಳವೇ ಒಳ್ಳೆಯದು, ಮೇಲಿಂದ ಜಿಗಿದು ಕಾಲು ನೋಯಿಸಿಕೊಳ್ಳುವುದು ತಪ್ಪುತ್ತದೆ. ಕೂಡಿಸುವ ಮುಂಚೆ ಗೂಡಿನ ಬಿರುಕುಗಳಿಗೆ ಸುಣ್ಣ ಬಳಿಯಿರಿ. ಹಗಲು ಅಲ್ಲಿ ಅಡಗಿ ರಾತ್ರಿ ರಕ್ತ ಹೀರುವ ಉಣ್ಣಿ ಎಳೆಯ ಮರಿಗಳನ್ನು ಬಿಳುಚಿಸಿಬಿಡುತ್ತದೆ.

ಮೇವು-ನೀರಿನ ಲೆಕ್ಕ

ಒಂದೇ ಪರಾತದಲ್ಲಿ ಮೇವು, ಒಂದೇ ಬಾನಿಯಲ್ಲಿ ನೀರು ಇದ್ದರೆ ಅದರ ಮುಂದೆ ಒಂದು ಹಳೇ ಹೇಟೆ ನಿಂತರೆ ಸಾಕು, ಮರಿಗಳಿಗೆ ಉಪವಾಸ. ಕಡಿಮೆ ಎಂದರೆ ಮೂರು ಕಡೆ ಮೇವು, ಎರಡು ಕಡೆ ನೀರು ಇಡಿ. ಒಂದರಿಂದ ಇನ್ನೊಂದು ನೇರ ಕಾಣದಂತೆ ನಡುವೆ ಏನಾದರೂ ಅಡ್ಡ ಇದ್ದರೆ ಇನ್ನೂ ಒಳ್ಳೆಯದು. ಒಂದು ಕೋಳಿ ಎರಡು ಕಡೆ ಕಾವಲು ಕಾಯಲಾರದು.

ಅಂಗಡಿಯ ಸಿದ್ಧ ಮೇವು ಕೊಡುವವರು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ತತ್ತಿ ಇಡುವ ಕೋಳಿಯ ಮೇವಿನಲ್ಲಿ ಸುಣ್ಣದ ಅಂಶ ಶೇಕಡಾ ಮೂರೂವರೆಯ ಆಸುಪಾಸು. ಬೆಳೆಯುವ ಮರಿಗೆ ಬೇಕಾದದ್ದು ಶೇಕಡಾ ಒಂದು. ದಿನಗಟ್ಟಲೆ ದೊಡ್ಡವರ ಮೇವು ತಿಂದರೆ ಎಳೆಯ ಕೋಳಿಯ ಮೂತ್ರಪಿಂಡ ಕೆಡುತ್ತದೆ. ಎರಡು ಬಗೆಯ ಮೇವು ಹಾಕಿ ಕಾಯುವುದು ಹಿತ್ತಲಲ್ಲಿ ಆಗದ ಮಾತು. ಆದ್ದರಿಂದ ಎಲ್ಲಕ್ಕೂ ಬೆಳೆಯುವ ಕೋಳಿಯ ಮೇವನ್ನೇ ಹಾಕಿ, ಕಪ್ಪೆಚಿಪ್ಪಿನ ಚೂರು ಅಥವಾ ಸುಣ್ಣದ ಕಲ್ಲಿನ ನುಚ್ಚನ್ನು ಬೇರೆ ತಟ್ಟೆಯಲ್ಲಿಡಿ. ತತ್ತಿ ಇಡುವ ಹೇಟೆಗಳು ತಮಗೆ ಬೇಕಾದಷ್ಟನ್ನು ಅಲ್ಲಿಂದ ತಿನ್ನುತ್ತವೆ, ಮರಿಗಳು ಅದಕ್ಕೆ ಹೆಚ್ಚು ಬಾಯಿ ಹಾಕುವುದಿಲ್ಲ.

ಕೂಡಿಸಿದ ಒಂದೆರಡು ವಾರ ಹಳೇ ಹೇಟೆಗಳ ತತ್ತಿ ಸ್ವಲ್ಪ ಕಡಿಮೆಯಾದರೆ ಗಾಬರಿ ಬೇಡ. ಸರದಿ ನಿಂತ ಮೇಲೆ ಸರಿಹೋಗುತ್ತದೆ.

ಯಾವಾಗ ಬಿಡಿಸಬೇಕು?

ಒಂದು ಕುಕ್ಕು, ನಾಲ್ಕು ಹೆಜ್ಜೆ ಅಟ್ಟುವುದು, ಎದೆ ಎತ್ತಿ ಎದುರು ನಿಲ್ಲುವುದು ಸಹಜ. ಮಧ್ಯೆ ಹೋಗಬೇಡಿ. ನೀವು ಪ್ರತಿ ಸಲ ಬಿಡಿಸಿದರೆ ತೀರ್ಮಾನ ಆಗದೆ ಜಗಳ ತಿಂಗಳಾದರೂ ಮುಗಿಯದು. ಆದರೆ ಈ ಮೂರು ಕಂಡರೆ ಕೈ ಹಾಕಿ: ಮರಿಯ ಮೈಯಲ್ಲಿ ರಕ್ತ ಬಂದಾಗ, ಎರಡು ಮೂರು ಕೋಳಿ ಸೇರಿ ಒಂದನ್ನೇ ಹಿಡಿದಾಗ, ಮರಿಯೊಂದು ಇಡೀ ದಿನ ಮೇವಿಗೆ ಬಾರದೆ ಮುದುಡಿ ಕೂತಾಗ.

ರಕ್ತದ ಕೆಂಪು ಕಂಡರೆ ಕೋಳಿಗಳು ಅಲ್ಲೇ ಮತ್ತೆ ಮತ್ತೆ ಕುಕ್ಕುತ್ತವೆ. ಗಾಯದ ಮರಿಯನ್ನು ಕೂಡಲೇ ತೆಗೆದು, ಉಪ್ಪುನೀರಿನಲ್ಲಿ ತೊಳೆದು, ಅರಿಷಿಣವನ್ನು ಬೇವಿನ ಎಣ್ಣೆಯಲ್ಲಿ ಕಲಸಿ ಹಚ್ಚಿ. ನೊಣವೂ ಕೂರುವುದಿಲ್ಲ. ಅದನ್ನು ಜಾಳಿಗೆಯ ಆಚೆ ಇಡಿ, ಮನೆಯೊಳಗೆ ಬಚ್ಚಿಡಬೇಡಿ. ಕಣ್ಣಿಗೆ ಕಾಣುತ್ತಿದ್ದರೆ ಗಾಯ ಮಾಯ್ದ ಮೇಲೆ ತಿರುಗಿ ಬಿಡುವುದು ಸುಲಭ.

ಒಂದೇ ಹೇಟೆ ಎಲ್ಲ ಕಾಟಕ್ಕೂ ಮೂಲವಾಗಿದ್ದರೆ ಮರಿಗಳ ಬದಲು ಆ ಹೇಟೆಯನ್ನೇ ಹಿಡಿದು ನಾಲ್ಕು ದಿನ ಬುಟ್ಟಿಯಡಿ ಹಾಕಿ. ಅದು ತಿರುಗಿ ಬರುವಷ್ಟರಲ್ಲಿ ಉಳಿದವುಗಳ ಸರದಿ ಹೊಂದಿಕೊಂಡಿರುತ್ತದೆ, ಅದರ ಜೋರು ಇಳಿದಿರುತ್ತದೆ.

ಹುಂಜದ ಮಾತು

ಹಳೇ ಹುಂಜ ಎಳೆಯ ಹೇಟೆಮರಿಗಳಿಗೆ ಸಾಮಾನ್ಯವಾಗಿ ಕಾಟ ಕೊಡದು. ಎಷ್ಟೋ ಸಲ ಜಗಳದ ನಡುವೆ ಬಂದು ನಿಲ್ಲುತ್ತದೆ. ತೊಂದರೆ ಬರುವುದು ಹುಂಜಮರಿಗಳಿಂದ. ಮೂರು ತಿಂಗಳು ಅವುಗಳನ್ನು ಹುಂಜ ಲೆಕ್ಕಿಸುವುದಿಲ್ಲ. ಅವು ಕೂಗಲು ಕಲಿತು ನಾಲ್ಕೈದು ತಿಂಗಳಾದಾಗ ಹೊಡೆದಾಟ ಜೋರಾಗುತ್ತದೆ. ಎಂಟು-ಹತ್ತು ಹೇಟೆಗಳಿಗೆ ಒಂದು ಹುಂಜ ಸಾಕು. ಉಳಿದವನ್ನು ಆ ವಯಸ್ಸಿಗೆ ಮೊದಲೇ, ಜಾತ್ರೆ-ಹಬ್ಬದ ಬೇಡಿಕೆ ನೋಡಿ ಮಾರಿಬಿಡಿ.

ನಮ್ಮ ಕಡೆಗೆ ಯಾವ ತಿಂಗಳು?

ಧಾರವಾಡದ ಜೂನ್-ಜುಲೈ ಜಿಟಿಜಿಟಿ ಮಳೆಯಲ್ಲಿ ಹಿತ್ತಲು ಒಣಗುವುದೇ ಇಲ್ಲ. ನವಲಗುಂದ, ಕುಂದಗೋಳದ ಎರೆಮಣ್ಣು ಕಾಲಿಗೆ ಮೆತ್ತಿಕೊಳ್ಳುತ್ತದೆ. ರಕ್ತಭೇದಿಗೆ ಹೇಳಿಮಾಡಿಸಿದ ಕಾಲ ಅದು. ಕೋಳಿಗಳೂ ಹೊರಗೆ ಹೋಗದೆ ಒಂದೇ ಕಡೆ ಒತ್ತೊತ್ತಾಗಿ ಕೂರುವುದರಿಂದ ಜಗಳ ಹೆಚ್ಚು. ಮಾರ್ಚ್-ಏಪ್ರಿಲ್ ಬಿಸಿಲೂ ಎಳೆಯ ಮರಿಗೆ ಕಷ್ಟ. ಸೆಪ್ಟೆಂಬರ್ ಹೊತ್ತಿಗೆ ಮರಿ ತಂದರೆ ಅಕ್ಟೋಬರ್-ನವೆಂಬರಿಗೆ ಕೂಡಿಸುವ ವಯಸ್ಸು ಬರುತ್ತದೆ. ನೆಲ ಒಣಗಿರುತ್ತದೆ, ಹೊಲದಲ್ಲಿ ಹುಳ-ಕಾಳು ಹೇರಳ, ಕೋಳಿಗಳು ದೂರ ದೂರ ಚದುರಿ ಮೇಯುತ್ತವೆ. ಚದುರಿದ ಕೋಳಿಗಳಲ್ಲಿ ಜಗಳ ಕಡಿಮೆ.

ಒಟ್ಟು ಲೆಕ್ಕ ಹೀಗೆ. ನಾಲ್ಕೈದು ವಾರದ ಮರಿ ತಂದರೆ ಮೂರು ವಾರ ದೂರ. ಎಂಟನೇ ವಾರಕ್ಕೆ ಲಸಿಕೆ. ಅಲ್ಲಿಂದ ಹತ್ತು ಹದಿನೈದು ದಿನ ಜಾಳಿಗೆಯ ಆಚೆ-ಈಚೆ. ಹತ್ತನೇ ವಾರ ದಾಟಿದ ಮೇಲೆ ಒಂದು ಸಂಜೆ ಬಯಲಿನಲ್ಲಿ ಕೂಡಿಸುವುದು. ಆಮೇಲೆ ಒಂದು ವಾರ ಬೆಳಗು-ಸಂಜೆ ಕಾವಲು. ಖರ್ಚು ಎಂದರೆ ನಾಲ್ಕು ಗಳ, ಒಂದು ಬಲೆ, ಮೂರು ತಟ್ಟೆ. ಉಳಿದದ್ದೆಲ್ಲ ತಾಳ್ಮೆ. ಇಷ್ಟಾದ ಮೇಲೂ ಒಂದೆರಡು ಮರಿ ಹೋಗಬಹುದು, ಹದ್ದು-ಮುಂಗುಸಿ ಇರುವ ಊರಲ್ಲಿ ಅದು ಇದ್ದದ್ದೇ. ಅರ್ಧಕ್ಕರ್ಧ ಹೋಗುವುದು ಮಾತ್ರ ನಿಲ್ಲುತ್ತದೆ.

ಮಲೆನಾಡಿನ, ಕರಾವಳಿಯ ಓದುಗರಲ್ಲಿ ಗೂಡು ಕಟ್ಟುವ ರೀತಿ, ಮಳೆಯ ಲೆಕ್ಕ ಬೇರೆ ಇರುತ್ತದೆ. ಅಲ್ಲಿಯವರು ಮರಿ ಕೂಡಿಸಲು ಯಾವ ಉಪಾಯ ಮಾಡುತ್ತೀರಿ ಅಂತ ಪತ್ರಿಕೆಗೆ ಬರೆದರೆ ನಮಗೂ ಉಪಯೋಗವಾದೀತು.